ಜಿಲ್ಲಾ ಪಂಚಾಯಿತಿಗೆ ಸದಸ್ಯರಿಲ್ಲ, ಗ್ರಾಮಸಭೆಗೆ ಜನರಿಲ್ಲ, ಎಲ್ಲಿ ಹಿಡಿದು ಕೇಳುವುದು?

ಹೊಂಗೆ ನೆರಳು

ಎಲ್ಲರಿಗೂ ನಮಸ್ಕಾರ. ಪ್ರಜಾಪ್ರಭುತ್ವಕ್ಕೆ ಏನಾಗುತ್ತಿದೆ ಎಂದು ಮಾತು ಬಂದಾಗಲೆಲ್ಲ ದೆಹಲಿ, ವಿಧಾನಸೌಧದ ಸುದ್ದಿಯೇ ಆಗುತ್ತದೆ. ನಾನು ಕೇಳುತ್ತಿರುವುದು ಬುಡದ ಬಗ್ಗೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. 2025 ಮುಗಿಯುತ್ತ ಬಂದರೂ ಸದಸ್ಯರ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ಇದ್ದಾರೆ. ಬೆಂಗಳೂರಿನವರು ಪಾಲಿಕೆಗೆ ಮತ ಹಾಕಿದ್ದು 2015ರ ಆಗಸ್ಟ್‌ನಲ್ಲಿ. 2016ರಲ್ಲಿ ಹದಿನೇಳು ವರ್ಷವಾಗಿದ್ದ ಹಳ್ಳಿ ಹುಡುಗಿಗೆ ಈಗ ಇಪ್ಪತ್ತಾರು. ವಿಧಾನಸಭೆಗೆ, ಲೋಕಸಭೆಗೆ ಓಟು ಹಾಕಿದ್ದಾಳೆ, ತನ್ನ ಜಿಲ್ಲೆಯ ಪಂಚಾಯಿತಿಗೆ ಒಮ್ಮೆಯೂ ಇಲ್ಲ.

ಐದು ವರ್ಷಕ್ಕೊಮ್ಮೆ ಆಗಲೇಬೇಕು ಎಂದು ಸಂವಿಧಾನದಲ್ಲೇ ಇರುವಾಗ ಇದು ಹೇಗೆ ಸಾಧ್ಯವಾಯಿತು? ಇದರಿಂದ ಜನಕ್ಕೆ ನಿಜವಾಗಿ ಏನು ನಷ್ಟ? ನಮ್ಮಂಥವರು ಮಾಡಬಹುದಾದ್ದೇನು? ತಿಳಿದವರು ವಿವರವಾಗಿ ಬರೆಯಬೇಕು. ಪಕ್ಷದ ಜಗಳ ಬೇಡ. ಈ ಅವಧಿಯಲ್ಲಿ ಬೇರೆ ಬೇರೆ ಪಕ್ಷಗಳ ಸರ್ಕಾರ ಬಂದು ಹೋಗಿವೆ, ಚುನಾವಣೆ ಮಾತ್ರ ಬಂದಿಲ್ಲ.

ವಿಧಿ ಓದುಗ

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ. ಪಂಚಾಯಿತಿಯ ಅವಧಿ ಮೊದಲ ಸಭೆಯ ದಿನದಿಂದ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ, ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ನಗರಗಳಿಗೆ ಇದೇ ಮಾತನ್ನು 243ಯು ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ಇದನ್ನೇ ಒತ್ತಿ ಹೇಳಿತು.

ಹಾಗಾದರೆ ಗಾಡಿ ನಿಂತದ್ದೆಲ್ಲಿ? ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ಆಯೋಗ ದಿನಾಂಕ ಘೋಷಿಸುವ ಮೊದಲು ಕ್ಷೇತ್ರಗಳ ಗಡಿಯೂ ಯಾವ ಕ್ಷೇತ್ರ ಯಾರಿಗೆ ಮೀಸಲು ಎಂಬುದೂ ಅಂತಿಮ ಅಧಿಸೂಚನೆಯಾಗಿರಬೇಕು. ಆ ಎರಡು ಕಾಗದ ಕೈಗೆ ಬಾರದೆ ಆಯೋಗ ಏನೂ ಮಾಡಲಾಗದು. 2021ರಲ್ಲಿ ಆಯೋಗ ತಾನೇ ಗಡಿ ಗುರುತಿಸಿ, ಜುಲೈನಲ್ಲಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಅದಾದ ಮೇಲೆ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಆ ಕೆಲಸವನ್ನು ಆಯೋಗದ ಕೈಯಿಂದ ತೆಗೆದು, ಸರ್ಕಾರವೇ ನೇಮಿಸುವ ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು. ಮಾಡಿದ್ದೆಲ್ಲ ಮತ್ತೆ ಮೊದಲಿಂದ.

ಎರಡನೇ ಗಂಟು ಹಿಂದುಳಿದ ವರ್ಗಗಳ ಮೀಸಲಾತಿ. ಸ್ಥಳೀಯ ಸಂಸ್ಥೆಗಳಲ್ಲಿ ಆ ಮೀಸಲಾತಿ ಕೊಡಬೇಕಾದರೆ ಅದಕ್ಕೆಂದೇ ಒಂದು ಆಯೋಗ ಅಂಕಿಅಂಶ ಸಂಗ್ರಹಿಸಬೇಕು, ಯಾವ ಸಂಸ್ಥೆಯಲ್ಲಿ ಎಷ್ಟು ಎಂದು ಪ್ರತ್ಯೇಕವಾಗಿ ಹೇಳಬೇಕು, ಒಟ್ಟು ಮೀಸಲಾತಿ ಶೇ. 50 ದಾಟಬಾರದು. ಇದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿ 2021ರಲ್ಲಿ ಬಿಗಿ ಮಾಡಿದ ಮೂರು ಹಂತದ ಪರೀಕ್ಷೆ. ನಮ್ಮಲ್ಲಿ ಅದಕ್ಕಾಗಿ ನಿವೃತ್ತ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ರಚನೆಯಾಗಿ 2022ರ ಜುಲೈನಲ್ಲೇ ವರದಿ ಬಂತು. ಅಂದರೆ ಈ ನೆಪಕ್ಕೆ ಅಂದೇ ಕಾಲ ಮುಗಿದಿತ್ತು.

ಇನ್ನೊಂದು ಮಾತನ್ನು ಎಲ್ಲರೂ ನೆನಪಿಡಬೇಕು. 2022ರ ಮೇ 10ರಂದು ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಡಿ ಗುರುತಿಸಿಲ್ಲ, ಮೂರು ಹಂತದ ಪರೀಕ್ಷೆ ಮುಗಿದಿಲ್ಲ ಎಂಬ ಕಾರಣಕ್ಕೆ ಚುನಾವಣೆ ಮುಂದೂಡುವಂತಿಲ್ಲ ಎಂದಿತು. ಪರೀಕ್ಷೆ ಮುಗಿಯದಿದ್ದರೆ ಪರಿಶಿಷ್ಟ ಜಾತಿ, ಪಂಗಡದ ಸ್ಥಾನ ಬಿಟ್ಟು ಉಳಿದವನ್ನು ಸಾಮಾನ್ಯ ಎಂದು ಘೋಷಿಸಿ ನಡೆಸಿ ಎಂದೂ ಹೇಳಿತು. ನಮ್ಮ ಹೈಕೋರ್ಟ್ ಕೊಟ್ಟ ಗಡುವು ಮೀರಿ, 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡವೂ ಬಿತ್ತು. ದಂಡ ಕಟ್ಟುವುದು ಖಜಾನೆಯಿಂದ, ಅಂದರೆ ನಮ್ಮದೇ ದುಡ್ಡಿನಿಂದ. ಅದಕ್ಕೇ ಅದು ಯಾರಿಗೂ ತಟ್ಟಲಿಲ್ಲ.

ಜೋಳದ ಹೊಲ

ನಷ್ಟ ಏನಂತ ಕೇಳೀರಿ ಅಣ್ಣಾರ, ಮೊದಲು ರೊಕ್ಕದ ಲೆಕ್ಕ ಹೇಳ್ತೀನಿ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ 2021ರಿಂದ 2026ರ ತನಕದ್ದು. ಗ್ರಾಮ, ತಾಲ್ಲೂಕು, ಜಿಲ್ಲಾ ಮೂರೂ ಹಂತಕ್ಕ ಅದರಾಗ ಪಾಲು. ನೂರಕ್ಕ ಅರವತ್ತು ಕುಡಿಯೋ ನೀರು, ನೈರ್ಮಲ್ಯಕ್ಕ ಕಟ್ಟು ಹಾಕಿದ ರೊಕ್ಕ, ಉಳಿದ ನಲವತ್ತು ಊರಿನ ಗರಜು ನೋಡಿ ಖರ್ಚು ಮಾಡೋದು. ಷರತ್ತು ಒಂದೈತಿ, ಚುನಾಯಿತ ಮಂಡಳಿ ಇರಬೇಕು. ಮಂಡಳಿ ಇಲ್ಲಂದ್ರ ಆ ಹಂತದ ಪಾಲು ಬರೂದಿಲ್ಲ. ನಮ್ಮ ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಪಾಲು ನಿಂತಿದ್ದು ಹಿಂಗ.

ರೊಕ್ಕಕ್ಕಿಂತ ದೊಡ್ಡ ನಷ್ಟ ಕೇಳೋರು ಇಲ್ಲದಂಗಾಗಿದ್ದು. ಜಿಲ್ಲಾ ಪಂಚಾಯ್ತಿಗೆ ಐದು ಸ್ಥಾಯಿ ಸಮಿತಿ: ಸಾಮಾನ್ಯ, ಹಣಕಾಸು ಮತ್ತು ಲೆಕ್ಕಪರಿಶೋಧನೆ, ಸಾಮಾಜಿಕ ನ್ಯಾಯ, ಶಿಕ್ಷಣ ಮತ್ತು ಆರೋಗ್ಯ, ಕೃಷಿ ಮತ್ತು ಕೈಗಾರಿಕೆ. ಸಾಲಿ ಮಾಳಿಗಿ ಸೋರತೈತಿ ಅಂತ ತಿಳೀರಿ. ಮುಖ್ಯೋಪಾಧ್ಯಾಯರು ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒಗೆ ಅರ್ಜಿ ಕೊಡ್ತಾರ, ಅದು ಜಿಲ್ಲಾದ ಶಿಕ್ಷಣ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೆ ಹೋಗ್ತೈತಿ, ಅಲ್ಲಿಂದ ಎಂಜಿನಿಯರಿಂಗ್ ವಿಭಾಗದ ಅಂದಾಜು ಪಟ್ಟಿ, ಆಮ್ಯಾಲೆ ಕ್ರಿಯಾಯೋಜನೆ. ಸದಸ್ಯರಿದ್ದಾಗ ಶಿಕ್ಷಣ ಸಮಿತಿ ಸಭಾದಾಗ "ಈ ಸಾಲಿ ಹೆಸರು ಪಟ್ಟಿಯಾಗ ಯಾಕಿಲ್ಲ" ಅಂತ ಒಬ್ಬರರ ಕೇಳ್ತಿದ್ರು, ಆ ಪ್ರಶ್ನಿ, ಅದರ ಉತ್ತರ ನಡಾವಳಿಯೊಳಗ, ಅಂದ್ರ ಸಭಾದ ದಾಖಲೆ ಪುಸ್ತಕದಾಗ, ಬರೀತಿದ್ರು. ಈಗ ಕ್ರಿಯಾಯೋಜನೆ ಜಿಲ್ಲಾ ಪಂಚಾಯ್ತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಟೇಬಲ್ಲಿನಿಂದ ಆಡಳಿತಾಧಿಕಾರಿ ಟೇಬಲ್ಲಿಗೆ ಹೋಗಿ ಬರ್ತೈತಿ. ನಡುವ ಪ್ರಶ್ನಿ ಕೇಳೂ ಬಾಯಿ ಇಲ್ಲ.

2016ರಾಗ ಜಿಲ್ಲಾ ಪಂಚಾಯ್ತಿಗೆ 1,083 ಸದಸ್ಯರು, ತಾಲ್ಲೂಕಿಗೆ 3,900ರ ಮ್ಯಾಲ ಆರಿಸಿ ಬಂದಿದ್ರು. ಸುಮಾರು ಐದು ಸಾವಿರ ಮಂದಿ, ಅದರಾಗ ಅರ್ಧದಷ್ಟು ಹೆಣ್ಣುಮಕ್ಕಳು. ಆ ಸಾಲು ಖಾಲಿ ಐತಿ.

ಬೆಳಗಿನ ಬಸ್ಸು

ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸದಸ್ಯರಿದ್ದಾಗ ಕಾಮಗಾರಿಗಳು ಗುತ್ತಿಗೆದಾರರ ನಡುವೆ ಹಂಚಿಕೆಯಾಗುತ್ತಿದ್ದವು, ಅಧ್ಯಕ್ಷರ ಬದಲಾವಣೆಗಾಗಿ ಅವಿಶ್ವಾಸದ ಸಭೆಗಳೇ ನಡೆಯುತ್ತಿದ್ದವು. ಹಿರಿಯ ಐಎಎಸ್ ಅಧಿಕಾರಿ ಕೂತರೆ ಕಡತವಾದರೂ ಬೇಗ ಸಾಗುತ್ತದೆ ಎಂದು ಅನೇಕರು ಪ್ರಾಮಾಣಿಕವಾಗಿ ನಂಬುತ್ತಾರೆ. ಅವರಿಗೆ ಏನು ಹೇಳುವುದು?

ವಿಧಿ ಓದುಗ

@ಬೆಳಗಿನ ಬಸ್ಸು, ನೀವು ಹೇಳಿದ ರೋಗಗಳು ಇದ್ದದ್ದು ನಿಜ. ಆದರೆ ಸದಸ್ಯರಿಲ್ಲದಿದ್ದರೆ ಕೆಡುವುದು ಜಿಲ್ಲಾ ಪಂಚಾಯಿತಿ ಒಂದೇ ಅಲ್ಲ.

243ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯಿತಿಯ ಮತ್ತು ನಗರ ಸಂಸ್ಥೆಗಳ ಚುನಾಯಿತ ಸದಸ್ಯರೇ ತಮ್ಮೊಳಗಿಂದ ಆರಿಸಬೇಕು. ಜಿಲ್ಲಾ ಪಂಚಾಯಿತಿಯಲ್ಲಿ ಸದಸ್ಯರೇ ಇಲ್ಲದಾಗ ಆ ಸಮಿತಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಇಡೀ ಜಿಲ್ಲೆಯ ಹಳ್ಳಿ ಮತ್ತು ಪಟ್ಟಣಗಳ ಯೋಜನೆಯನ್ನು ಒಟ್ಟಿಗೆ ಇಟ್ಟು ನೋಡುವ ಜಾಗ ಅದೊಂದೇ.

ವಿಧಾನ ಪರಿಷತ್ತನ್ನೂ ನೋಡಿ. 75 ಸ್ಥಾನಗಳಲ್ಲಿ 25 ಸ್ಥಾನಗಳನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. 2021ರ ಡಿಸೆಂಬರ್ 10ರಂದು ಆ 25 ಸ್ಥಾನಗಳಿಗೆ ಮತದಾನವಾದಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರೂ ಬಿಬಿಎಂಪಿ ಸದಸ್ಯರೂ ಮತದಾರರ ಪಟ್ಟಿಯಲ್ಲಿರಲಿಲ್ಲ, ಏಕೆಂದರೆ ಅವರು ಯಾರೂ ಅಧಿಕಾರದಲ್ಲಿರಲಿಲ್ಲ. ಕೆಳಗೆ ಒಂದು ಇಟ್ಟಿಗೆ ಜಾರಿದರೆ ಮೇಲಿನ ಸದನದ ರೂಪವೇ ಬದಲಾಗುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ನಜೀರ್ ಸಾಬ್ ಅವರು ಪಂಚಾಯತ್ ರಾಜ್ ಸಚಿವರಾಗಿದ್ದಾಗ ತಂದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು, ಮಹಿಳೆಯರಿಗೆ ಶೇ. 25 ಮೀಸಲಾತಿಯೊಂದಿಗೆ. ಆಗ ಪಂಚಾಯಿತಿಗಳನ್ನು ಸಂವಿಧಾನದೊಳಗೆ ತಂದ 73ನೇ ತಿದ್ದುಪಡಿ ಇನ್ನೂ ಬಂದೇ ಇರಲಿಲ್ಲ. ದೇಶಕ್ಕೇ ದಾರಿ ತೋರಿದ ರಾಜ್ಯ ಇವತ್ತು ಹೀಗೆ ನಿಂತಿರುವುದು ನನಗೆ ಬಹಳ ನೋವಿನ ಸಂಗತಿ.

ಕಬ್ಬನ್ ಪಾರ್ಕ್ ಬೆಂಚು

ಬೆಂಗಳೂರಿನದ್ದು ಇಷ್ಟು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದಾಗ 198 ವಾರ್ಡ್ ಇದ್ದವು. ಅದು 243 ಆಯಿತು, ಮತ್ತೆ 225 ಆಯಿತು, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಸಂಖ್ಯೆ ಬದಲಾದಾಗಲೆಲ್ಲ ಗಡಿ, ಮೀಸಲಾತಿ, ಆಕ್ಷೇಪಣೆ, ಮತದಾರರ ಪಟ್ಟಿ ಎಲ್ಲವೂ ಹೊಸದಾಗಿ ಶುರು. ಪಾಲಿಕೆ ಒಡೆಯಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಹಳೆಯ ಗಡಿಯಲ್ಲೇ ಚುನಾವಣೆ ಮುಗಿಸಿ, ಹೊಸ ವ್ಯವಸ್ಥೆಯನ್ನು ಮುಂದಿನ ಅವಧಿಗೆ ಇಟ್ಟುಕೊಳ್ಳಬಹುದಿತ್ತು.

ನಡಾವಳಿ ಪುಸ್ತಕ

ಗ್ರಾಮಸಭೆ ಬಗ್ಗೆ ನಾನು ಬರೆಯುತ್ತೇನೆ. ಇಲ್ಲಿ ಚುನಾವಣೆಗೆ ಕಾಯಬೇಕಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ.

ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ, ಇದು ಕ್ರಮ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಜನ, ಒಟ್ಟು ಸದಸ್ಯರ ಹತ್ತನೇ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಪ್ರತಿ ವಾರ್ಡಿನಿಂದ ಸಾಧ್ಯವಾದಷ್ಟೂ ಹತ್ತು ಜನವಾದರೂ ಇರಬೇಕು ಎಂಬ ಮಾತೂ ಕಾಯ್ದೆಯಲ್ಲಿದೆ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ, ಉದ್ಯೋಗ ಖಾತ್ರಿಯ ಕಾಮಗಾರಿ ಪಟ್ಟಿ, ವಾರ್ಷಿಕ ಕ್ರಿಯಾಯೋಜನೆ, ಇವೆಲ್ಲ ಒಪ್ಪಿಗೆಯಾಗಬೇಕಾದ್ದು ಇಲ್ಲಿ.

ಕೆಡುವುದು ಹೇಗೆ? ಡಂಗುರ ಸಾರಿಸುವುದಿಲ್ಲ, ನೋಟಿಸನ್ನು ಪಂಚಾಯಿತಿ ಬಾಗಿಲಿಗೆ ಮಾತ್ರ ಅಂಟಿಸಿ ಫೋಟೊ ತೆಗೆಯುತ್ತಾರೆ. ಕೂಲಿಯವರು ಹೊಲದಲ್ಲಿರುವ ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಡುತ್ತಾರೆ. ಮಹಿಳೆಯರ ಸಂಖ್ಯೆ ತೋರಿಸಲು ಅದೇ ದಿನ ಸ್ವಸಹಾಯ ಸಂಘದ ಸಭೆಯನ್ನೂ ಕರೆದು, ಆ ಹಾಜರಾತಿಯನ್ನೇ ಇದಕ್ಕೂ ಸೇರಿಸುತ್ತಾರೆ. ಕೋರಂ ಸಾಲದಿದ್ದರೆ ಪುಸ್ತಕ ಮನೆಮನೆಗೆ ಹೋಗಿ ಸಹಿ ಪಡೆಯುತ್ತದೆ. ಎಲ್ಲ ಪಂಚಾಯಿತಿಯೂ ಹೀಗೆ ಎಂದಲ್ಲ, ಅಚ್ಚುಕಟ್ಟಾಗಿ ಸಭೆ ನಡೆಸುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಖಂಡಿತ ಇದ್ದಾರೆ, ಅವರಿಗೂ ನಮ್ಮ ಹಾಜರಿಯೇ ಬಲ.

ನಡಾವಳಿ ಪುಸ್ತಕವನ್ನು ನೋಡಬೇಕಾದ ಬಗೆ ಹೇಳುತ್ತೇನೆ. ಪುಟಗಳಿಗೆ ಅಚ್ಚಿನ ಸಂಖ್ಯೆ ಇದೆಯೇ, ನಡುವೆ ಒಂದು ಸಂಖ್ಯೆ ಹಾರಿದೆಯೇ ನೋಡಿ. ಕೊನೆಯ ನಿರ್ಣಯಕ್ಕೂ ಅಧ್ಯಕ್ಷರ ಸಹಿಗೂ ನಡುವೆ ಜಾಗ ಬಿಟ್ಟಿದ್ದರೆ ಅದೇ ಅಪಾಯದ ಜಾಗ. ನಾಲ್ಕು ಬೆರಳಗಲ ಖಾಲಿ ಬಿಟ್ಟಿದ್ದ ಕಡೆ ಆಮೇಲೆ ಎರಡು ನಿರ್ಣಯ ಸೇರಿಸಿದರೆ ಅಕ್ಷರ ಚಿಕ್ಕದಾಗುತ್ತದೆ, ಸಾಲು ಒತ್ತಾಗುತ್ತದೆ, ಕೆಲವೊಮ್ಮೆ ಪೆನ್ನಿನ ಬಣ್ಣವೇ ಬೇರೆ ಇರುತ್ತದೆ. ಹಾಜರಾತಿ ಸಹಿಗಳಲ್ಲಿ ಒಂದೇ ಮನೆಯ ನಾಲ್ಕು ಹೆಸರು ಒಂದೇ ಕೈಬರಹದಲ್ಲಿದ್ದರೆ ಗುರುತು ಹಾಕಿಕೊಳ್ಳಿ. ಆಮೇಲೆ ವಾರ್ಡ್ ಸಭೆಯ ಫಲಾನುಭವಿ ಪಟ್ಟಿಯನ್ನೂ ಗ್ರಾಮಸಭೆಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಓದಿ. ಅಲ್ಲಿ ಇಲ್ಲದ ಹೆಸರು ಇಲ್ಲಿ ಬಂದಿದ್ದರೆ, ಯಾವ ನಿರ್ಣಯದ ಮೇಲೆ ಸೇರಿತು ಎಂದು ಕೇಳುವ ಹಕ್ಕು ನಿಮಗಿದೆ.

ಸಭೆ ಮುಗಿಯುವ ಮೊದಲೇ ಒಬ್ಬರು ಎದ್ದು, "ನಿರ್ಣಯಗಳನ್ನು ಓದಿ ಹೇಳಿ, ಇಲ್ಲೇ ಸಹಿ ಆಗಲಿ, ಉಳಿದ ಜಾಗಕ್ಕೆ ಗೆರೆ ಎಳೆಯಿರಿ" ಎಂದು ಕೇಳಬೇಕು. ಈ ಮೂರು ವಾಕ್ಯ ತಪ್ಪಿಸುವಷ್ಟು ಅಕ್ರಮ ಬೇರೆ ಯಾವ ಹೋರಾಟವೂ ತಪ್ಪಿಸುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಜೋಳದ ಹೊಲ

ಭಾಳ ಚಲೋ ಬರದೀರಿ. ಒಂದು ಸೇರಿಸ್ತೀನಿ. ಅಧ್ಯಕ್ಷರು ಹೆಣ್ಣುಮಗಳಾಗಿದ್ರ ಸಭಾದಾಗ ಅವರ ಕುರ್ಚಿ ಮ್ಯಾಲ ಯಾರು ಕುಂತಾರ, ಉತ್ತರ ಯಾರು ಕೊಡಾಕತ್ತಾರ ನೋಡ್ರಿ. ಗಂಡ ಮಾತಾಡಿದ್ರ, "ಅಧ್ಯಕ್ಷರು ಹೇಳಲಿ, ನಡಾವಳಿಯೊಳಗ ಅವರ ಮಾತು ಬರೀರಿ" ಅಂತ ಊರಿನ ಹೆಣ್ಣುಮಕ್ಕಳೇ ಕೇಳಬೇಕು. ಮೊದಲ ಸಲ ಅವರು ಅಂಜಬಹುದು, ಮೂರನೇ ಸಭಾಕ್ಕ ದನಿ ಬರ್ತೈತಿ.

ಪಟ್ಟಿ ನೋಡುವವರು

ಇಷ್ಟೆಲ್ಲ ಆದರೂ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಗ್ರಾಮಸಭೆಯೂ ಇಲ್ಲ, ಓಟೂ ಇಲ್ಲ. ಸ್ಥಳೀಯ ಚುನಾವಣೆಗೆ ರಾಜ್ಯ ಆಯೋಗ ಬಳಸುವುದು ವಿಧಾನಸಭೆಯ ಪಟ್ಟಿಯನ್ನೇ, ಅದನ್ನು ವಾರ್ಡುವಾರು ಒಡೆಯುತ್ತಾರೆ. ಆದ್ದರಿಂದ ಅಲ್ಲಿಯ ತಪ್ಪು ಇಲ್ಲಿಗೂ ಹರಿದು ಬರುತ್ತದೆ, ಮೇಲಾಗಿ ಒಡೆಯುವಾಗ ಒಂದೇ ಮನೆಯವರು ಎರಡು ವಾರ್ಡಿಗೆ ಹಂಚಿಹೋಗುತ್ತಾರೆ. ವಾರ್ಡ್ ಕರಡು ಪಟ್ಟಿ ಬಂದ ದಿನವೇ ನಿಮ್ಮ ಬೀದಿಯ ಮನೆ ಸಂಖ್ಯೆಗಳನ್ನು ಸಾಲಾಗಿ ಹಿಡಿದು ನೋಡಿ, ತಪ್ಪಿದ್ದರೆ ತಹಶೀಲ್ದಾರ್ ಕಚೇರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೆಸರು ಸೇರಿಸಲು ಫಾರಂ 6, ತೆಗೆಸಲು ಫಾರಂ 7, ತಿದ್ದಲು ಅಥವಾ ವಿಳಾಸ ಬದಲಿಸಲು ಫಾರಂ 8. ಈಗ ಹದಿನೆಂಟು ತುಂಬುವುದಕ್ಕೆ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ನಾಲ್ಕೂ ಅರ್ಹತಾ ದಿನಗಳು, ವರ್ಷವಿಡೀ ಕಾಯಬೇಕಿಲ್ಲ.

ಗಮನ ಇಡಬೇಕಾದ್ದು ಫಾರಂ 7ರ ಮೇಲೆ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮೊದಲು ಆನ್‌ಲೈನ್‌ನಲ್ಲಿ 6,018 ಫಾರಂ 7 ಬಂದಿದ್ದವು. ಪರಿಶೀಲಿಸಿದಾಗ ಸರಿಯಾದವು 24 ಮಾತ್ರ, 5,994 ತಪ್ಪು ಎಂದು ತಿರಸ್ಕೃತವಾದವು, 2023ರ ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣವಾಯಿತು. ಅಷ್ಟು ಹೆಸರು ಉಳಿದದ್ದು ಸ್ಥಳಕ್ಕೆ ಹೋಗಿ ನೋಡಿದ್ದರಿಂದ. ಕಂಪ್ಯೂಟರಿನ ಮುಂದೆ ಕೂತೇ ಒಪ್ಪಿಗೆ ಕೊಟ್ಟಿದ್ದರೆ ಮತಗಟ್ಟೆಗೆ ಬಂದ ದಿನ ಗೊತ್ತಾಗುತ್ತಿತ್ತು.

ಕಾವಲು ಕಾಯುವುದು ಕಷ್ಟವಲ್ಲ. ಬಂದ ಫಾರಂ 7ಗಳ ಪಟ್ಟಿಯನ್ನು ಮತದಾರರ ನೋಂದಣಾಧಿಕಾರಿ ಫಾರಂ 10ರಲ್ಲಿ ಪ್ರಕಟಿಸಬೇಕು, ಸೇರ್ಪಡೆಯದ್ದು ಫಾರಂ 9ರಲ್ಲಿ ಇರುತ್ತದೆ. ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲೂ ಹಾಕುತ್ತಾರೆ. ಅದರಲ್ಲಿ ಯಾರ ಹೆಸರಿನ ವಿರುದ್ಧ ಯಾರು ಅರ್ಜಿ ಕೊಟ್ಟಿದ್ದಾರೆ ಎಂಬುದು ಇರುತ್ತದೆ. ಒಬ್ಬರದ್ದೇ ಹೆಸರಿನಲ್ಲಿ ಹತ್ತಾರು ಅರ್ಜಿ ಕಂಡರೆ ಮೊದಲು ಆ ಅರ್ಜಿದಾರರನ್ನೇ ಕೇಳಿ, ಅವರಿಗೆ ವಿಷಯವೇ ತಿಳಿದಿರಲಿಕ್ಕಿಲ್ಲ. ಯಾರ ಹೆಸರು ತೆಗೆಯಬೇಕೆಂದು ಅರ್ಜಿ ಬಂದಿದೆಯೋ ಅವರಿಗೆ ಫಾರಂ 14ರಲ್ಲಿ ನೋಟಿಸ್ ಬರಬೇಕು, ಹೇಳಿಕೆಗೆ ಅವಕಾಶ ಸಿಗಬೇಕು. ಆದೇಶ ವಿರುದ್ಧವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅದರ ಮೇಲೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಸುಳ್ಳು ಘೋಷಣೆ ಕೊಟ್ಟವರಿಗೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಂನಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ.

ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಮೇಲೆ ರೇಗಬೇಡಿ. ಬಹುತೇಕ ಕಡೆ ಅವರು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು, ತಮ್ಮ ಕೆಲಸದ ಮೇಲೆ ಇದನ್ನೂ ಹೊತ್ತವರು. ಸತ್ತವರ, ಮದುವೆಯಾಗಿ ಹೋದವರ ಹೆಸರನ್ನು ನಾವೇ ಹೇಳಿದರೆ ಅವರ ಕೆಲಸವೂ ಹಗುರ, ಪಟ್ಟಿಯೂ ಶುದ್ಧ.

ಹೊಂಗೆ ನೆರಳು

ಎಲ್ಲರಿಗೂ ಧನ್ಯವಾದ. ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ಆದದ್ದು 2020ರ ಡಿಸೆಂಬರ್ 22 ಮತ್ತು 27ರಂದು, ಅಂದರೆ ಅವುಗಳ ಐದು ವರ್ಷವೂ ಮುಗಿಯುತ್ತ ಬಂತು. ಮೇಲಿನ ಎರಡು ಹಂತಕ್ಕೆ ಬಂದ ಗತಿ ಇದಕ್ಕೂ ಬಂದರೆ ಏನು ಉಳಿಯುತ್ತದೆ ಎಂಬುದೇ ನನ್ನ ಭಯ. ಗಡಿ, ಮೀಸಲಾತಿಯ ಕರಡು ಬಂದಾಗ ನಾವು ಏನು ಮಾಡಬೇಕು? ಮತ್ತೆ, ನಡಾವಳಿಯ ಪ್ರತಿ ಕೇಳುವ ಅರ್ಜಿಯ ಮಾದರಿ ಯಾರಾದರೂ ಹಾಕುತ್ತೀರಾ?

ವಿಧಿ ಓದುಗ

ಕರಡು ಪ್ರಕಟಣೆಯಲ್ಲೇ ಆಕ್ಷೇಪಣೆಗೆ ಕೊನೆಯ ದಿನ ಇರುತ್ತದೆ, ದಿನಗಳು ಬಹಳ ಕಡಿಮೆ. "ನಮ್ಮೂರಿಗೆ ಅನ್ಯಾಯವಾಗಿದೆ" ಎಂದಷ್ಟೇ ಬರೆದರೆ ತಳ್ಳಿಹಾಕುತ್ತಾರೆ. ಊರಿನ 2011ರ ಜನಗಣತಿಯ ಸಂಖ್ಯೆ, ಹೋಬಳಿ, ಈಗ ಸೇರಿಸಿರುವ ಕ್ಷೇತ್ರದ ಕೇಂದ್ರಕ್ಕೆ ರಸ್ತೆಯಲ್ಲಿ ಎಷ್ಟು ಕಿಲೋಮೀಟರ್, ನಡುವೆ ಹೊಳೆಯೋ ಕಾಡೋ ಇದೆಯೇ, ಹಿಂದಿನ ಸಲ ಇದೇ ಸ್ಥಾನ ಯಾವ ವರ್ಗಕ್ಕೆ ಮೀಸಲಿತ್ತು, ಇವಿಷ್ಟೂ ಬೇಕು. ಗ್ರಾಮ ಪಂಚಾಯಿತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬ ಲೆಕ್ಕವನ್ನು ನಿಮ್ಮ ಊರಿಗೆ ನೀವೇ ಹಾಕಿ ನೋಡಿ. ಸ್ವೀಕೃತಿ ಮೊಹರು ಇಲ್ಲದೆ ಕಚೇರಿಯಿಂದ ಹೊರಡಬೇಡಿ. ಮುಂದೆ ಹೈಕೋರ್ಟಿಗೆ ಹೋಗಬೇಕಾದರೆ ಆ ಮೊಹರೇ ಮೊದಲ ದಾಖಲೆ.

ನಡಾವಳಿ ಪುಸ್ತಕ

ಮಾದರಿ ಹಾಕುತ್ತೇನೆ. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು, ಇಲ್ಲದಿದ್ದರೆ ಅದೇ ಕಾರಣ ಕೊಟ್ಟು ವಾಪಸು ಕಳಿಸುತ್ತಾರೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಇಲ್ಲ. "ಏಕೆ", "ಹೇಗೆ" ಎಂದು ಕೇಳಬೇಡಿ, ದಾಖಲೆಯ ಪ್ರತಿ ಮಾತ್ರ ಕೇಳಿ. ಉತ್ತರಕ್ಕೆ 30 ದಿನ. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಗ್ರಾಮ ಪಂಚಾಯಿತಿಯ ಮಟ್ಟಿಗೆ ಅದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

"ಗೆ, ಸಾರ್ವಜನಿಕ ಮಾಹಿತಿ ಅಧಿಕಾರಿ ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, (ಊರು) ಗ್ರಾಮ ಪಂಚಾಯಿತಿ. ವಿಷಯ: ಗ್ರಾಮಸಭೆಯ ದಾಖಲೆಗಳು. ದಿನಾಂಕ (ಇಂಥ) ದಿಂದ (ಇಂಥ) ವರೆಗೆ ನಡೆದ ಗ್ರಾಮಸಭೆಗಳ ನೋಟಿಸ್, ಹಾಜರಾತಿ ಪುಟಗಳು, ನಡಾವಳಿಯ ಪುಟಗಳು, ಸಭೆಯಲ್ಲಿ ಒಪ್ಪಿದ ಫಲಾನುಭವಿಗಳ ಪಟ್ಟಿ, ಇವುಗಳ ದೃಢೀಕೃತ ನಕಲುಗಳನ್ನು ಒದಗಿಸಲು ಕೋರುತ್ತೇನೆ. ಪ್ರತಿ ಶುಲ್ಕ ತಿಳಿಸಿದಲ್ಲಿ ಪಾವತಿಸುತ್ತೇನೆ."

ಆವರಣದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಅವಧಿ ಹಾಕಬೇಡಿ. ಪುಟ ಹೆಚ್ಚಾದರೆ ನಕಲು ಶುಲ್ಕವೂ ಏರುತ್ತದೆ, ತಡವೂ ಆಗುತ್ತದೆ. ಪ್ರತಿ ಕೈಗೆ ಬಂದಾಗ ಎಲ್ಲಕ್ಕಿಂತ ಮೊದಲು ಹಾಜರಾತಿ ಪುಟ ತೆರೆದು, ನಿಮ್ಮ ಬೀದಿಯವರ ಸಹಿಗಳನ್ನು ಅವರವರಿಗೇ ತೋರಿಸಿ.

ಬೆಳಗಿನ ಬಸ್ಸು

ಮಾದರಿಯನ್ನು ಬರೆದಿಟ್ಟುಕೊಂಡೆ. ವಿಧಿ ಓದುಗ ಅವರೇ, ಯೋಜನಾ ಸಮಿತಿಯ ವಿಷಯ ನನಗೆ ತಿಳಿದಿರಲಿಲ್ಲ, ಅಧಿಕಾರಿ ಇದ್ದರೆ ಸಾಕು ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮೊದಲ ಅರ್ಜಿಯನ್ನು ಕಳೆದ ಎರಡು ಗ್ರಾಮಸಭೆಗಳಿಗೆ ಹಾಕಿದರೆ ಸಾಕೇ, ವಾರ್ಡ್ ಸಭೆಗೂ ಬೇರೆ ಅರ್ಜಿ ಬೇಕೇ?

ನಡಾವಳಿ ಪುಸ್ತಕ

ಬೇರೆ ಅರ್ಜಿಯೇ ಹಾಕಿ, ಒಂದೇ ವಿಷಯ ಎಂಬ ನಿಯಮಕ್ಕೆ ಸಿಕ್ಕಿಕೊಳ್ಳುವುದು ಬೇಡ. ಎರಡನ್ನೂ ಒಂದೇ ದಿನ ಕೊಡಿ, ಆಗ ಎರಡಕ್ಕೂ ಮೂವತ್ತನೇ ದಿನ ಒಂದೇ ಆಗುತ್ತದೆ.